ಪಿಳ್ಳಪ್ಪನ ಎಡೆ

ಬೋಟಿ ಗೊಜ್ಜು ಒಲೆಯ ಮೇಲೆ ಕುದಿಯತೊಡಗಿದ ಮೇಲೆ ಮಂಜುಶ್ರೀ ಆ ಮಾತು ತೆಗೆದಳು.

"ಅತ್ತೆ, ಇವತ್ತು ನಮ್ಮ ಕಾಲೇಜಿಂದ ಒಬ್ಬರು ಬರ್ತಾರೆ. ಮಾರಿಸೆಲಾ ಅಂತ, ಪಾಠಕ್ಕೆ ಬಂದಿರೋ ಅಮೆರಿಕದವರು. ಎಡೆ ಇಡೋದನ್ನ ನೋಡ್ಬೇಕಂತೆ."

"ಬರ್ಲಿ ಬಿಡು. ಅಬ್ಬದ್ ದಿನ ಬರೋರ್ನ ಬ್ಯಾಡ ಅನ್ನಕಾಯ್ತದಾ?" ಗಂಗರತ್ನಮ್ಮ ಸೌಟಿನಿಂದ ತಳ ಕೆದಕಿದರು.

"ಅದಲ್ಲ ಅತ್ತೆ... ಅವರಿಗೆ ಮಾಂಸ ಆಗಲ್ಲ. ವಾಸನೆಗೇ ವಾಂತಿ ಬರುತ್ತಂತೆ."

ಅತ್ತೆಯ ಕೈ ನಿಂತಿತು. ಅದು ಪಿತೃಪಕ್ಷದ ಅಮಾವಾಸ್ಯೆ. ಮಾವ ಪಿಳ್ಳಪ್ಪ ತೀರಿಕೊಂಡ ಮೇಲೆ ಅವರಿಗೆ ಇಡುತ್ತಿದ್ದ ಮೊದಲ ಎಡೆ. ಕುರಿಯ ಕರುಳಿನ ಆ ಬೋಟಿಯನ್ನು ಅತ್ತೆ ಬೆಳಗಿನ ಜಾವವೇ ಎದ್ದು, ಹಿತ್ತಲ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ತೊಳೆದಿದ್ದರು. ಎಡೆ ಮುಗಿಯುವ ತನಕ ಅವರು ಬಾಯಿಗೆ ನೀರೂ ಹಾಕುವವರಲ್ಲ. ಮಗ ಸತೀಶ್ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದ. ಆದರೂ ಅಪ್ಪನಿಗೆ ಹೊಸ ಪಂಚೆ ಮತ್ತು ಒಂದು ಬ್ರಾಂದಿ ಬಾಟಲಿ ತಂದಿಟ್ಟೇ ಹೋಗಿದ್ದ.

"ಮನೆಗ್ ಬಂದೋರ್ಗೆ ಸಂಕಟ ಆಗ್ಬಾರ್ದು," ಎಂದು ಗಂಗರತ್ನಮ್ಮ ಒಲೆ ಆರಿಸಿದರು. "ಈ ವರ್ಸ ಸಿಹಿ ಮಾಡ್ತೀನಿ. ನಿಮ್ ಮಾವ್ನೋರ್ಗೆ ನಾನ್ ಯೋಳ್ಕೊಂತೀನಿ."

ಬೋಟಿಯ ಪಾತ್ರೆಯೂ ಬಾಟಲಿಯೂ ಹಿತ್ತಲ ಬಚ್ಚಲ ಪಕ್ಕ ಬುಟ್ಟಿಯಡಿ ಹೋಗಿ ಕೂತವು.

ಮಾರಿಸೆಲಾಗೆ ಮಂಜುಶ್ರೀ ಹಿಂದಿನ ದಿನವೇ ಇನ್ನೊಂದು ಸುಳ್ಳು ಹೇಳಿದ್ದಳು: ನಮ್ಮಲ್ಲಿ ಎಡೆಗೆ ಹಣ್ಣು, ಸಿಹಿ, ಅಷ್ಟೇ. ಹೆಬ್ಬಾಳದ ಆ ಕಾಲೇಜಿನಲ್ಲಿ ಅವಳು ಇಂಗ್ಲಿಷ್ ಪಾಠ ಮಾಡುತ್ತಿದ್ದಳು. ಅಷ್ಟು ವರ್ಷದಲ್ಲಿ ಸ್ಟಾಫ್ ರೂಮಿನಲ್ಲಿ ಒಂದು ದಿನವೂ ಅವಳ ಊಟದ ಡಬ್ಬಿಯಿಂದ ಮಾಂಸದ ಮಸಾಲೆಯ ವಾಸನೆ ಬಂದಿರಲಿಲ್ಲ. ಯಾರು ಯಾವಾಗ ಏನು ಕೇಳಿಬಿಡುತ್ತಾರೋ ಎಂದು ಮೊದಲೇ ಉತ್ತರ ಜೋಡಿಸಿಕೊಂಡಿರುವುದು ಅವಳ ಅಭ್ಯಾಸ. ಮಾರಿಸೆಲಾ ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು, ಮಂಜುಶ್ರೀ ಮನೆಯಲ್ಲಿ ಸತ್ತವರಿಗೆ ಬೋಟಿ, ಬ್ರಾಂದಿ ಇಡುತ್ತಾರೆ ಎಂದು ಖುಷಿಯಿಂದ ವರ್ಣಿಸುವುದನ್ನು ಅವಳು ರಾತ್ರಿಯೆಲ್ಲ ಕಲ್ಪಿಸಿಕೊಂಡಿದ್ದಳು.

ಮಧ್ಯಾಹ್ನದ ಹೊತ್ತಿಗೆ ಮಾರಿಸೆಲಾ ಬಂದಳು. ಗಿಡ್ಡ ಹೆಂಗಸು, ಗೋಧಿ ಬಣ್ಣ. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಯಲಹಂಕ ಮಾರ್ಕೆಟ್ಟಿನಿಂದ ತಂದ ಒಂದು ಹೊರೆ ಚೆಂಡುಹೂ.

"ಅಯ್ಯೋ, ನಮ್ಮೋಳಂಗೇ ಅವ್ಳಲ್ಲೇ!" ಗಂಗರತ್ನಮ್ಮ ಬೆರಗಾದರು. "ಅಮೇರಿಕಾ ಅಂದ್ರೆ ಬೆಳ್ಳಗಿರ್ತಾಳೇನೋ ಅನ್ಕೊಂಡಿದ್ದೆ."

ಅತ್ತೆ ಹೊಸ ಪಂಚೆಯನ್ನು ಫೋಟೋದ ಮುಂದೆ ಮಡಿಸಿಟ್ಟು, ಚೆಂಡುಹೂವಿನ ಹಾರ ಹಾಕಿ, ಎಲೆಗೆ ಪುಳಿಯೋಗರೆ, ಪಾಯಸ, ಕಜ್ಜಾಯ ಬಡಿಸಿದರು. ಸಾಂಬ್ರಾಣಿ ಹೊಗೆ ಕೋಣೆ ತುಂಬಿತು. ಕೈ ಮುಗಿದು ನಿಂತವರು ಗೋಡೆಯತ್ತ ತಿರುಗಿ ಏನೋ ಗೊಣಗಿದರು. ಮಂಜುಶ್ರೀಗೆ ಕೇಳಿಸಿದ್ದು ಇಷ್ಟೇ: "...ತಪ್ಪ್ ತಿಳ್ಕೋಬ್ಯಾಡಿ."

ಆಮೇಲೆ ಬಾಗಿಲು ಮುಂದಕ್ಕೆಳೆದು ಮೂವರೂ ಜಗಲಿಯ ಮೇಲೆ ಕೂತರು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಕೊನೆಗೆ ಚಪ್ಪಾಳೆ ತಟ್ಟಿ, ಅವರು ಏಳಲು ಹೊತ್ತು ಕೊಟ್ಟು, ಬಾಗಿಲು ತೆಗೆಯಬೇಕು. ಮಂಜುಶ್ರೀ ಇದನ್ನು ವಿವರಿಸುತ್ತಿದ್ದಂತೆ ಮಾರಿಸೆಲಾಳ ಕಣ್ಣು ತುಂಬಿಕೊಂಡವು.

"ನಮ್ಮಲ್ಲೂ ಬರ್ತಾರೆ," ಎಂದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಂಜುಶ್ರೀ ತುಂಡು ತುಂಡಾಗಿ ಅತ್ತೆಗೆ ಕನ್ನಡದಲ್ಲಿ ಹೇಳುತ್ತ ಹೋದಳು. ಅವಳ ಮುತ್ತಾತ ಮೆಕ್ಸಿಕೋದಿಂದ ಅಮೆರಿಕದ ನಟ್ಟನಡುವಿನ ಕ್ಯಾನ್ಸಸ್‌ಗೆ, ಆ ಗೋಧಿ ಸೀಮೆಗೆ, ರೈಲು ಹಳಿ ಹಾಕಲು ಹೋದವನು. ಹಳಿಯ ಪಕ್ಕ ನಿಲ್ಲಿಸಿದ ಹಳೇ ಗೂಡ್ಸ್ ಡಬ್ಬಿಗಳಲ್ಲೇ ಅವರ ಸಂಸಾರ. ಊರಿನ ಸಿನಿಮಾ ಮಂದಿರದಲ್ಲಿ ಅವರಿಗೆ ಬೇರೆ ಜಾಗ. ಸ್ಕೂಲಿನಲ್ಲಿ ಮನೆಮಾತು ಆಡಿದರೆ ಮಕ್ಕಳಿಗೆ ಏಟು. ಈಗ ಅವರಂಥವರನ್ನೆಲ್ಲ ಲ್ಯಾಟಿನೋ ಎನ್ನುತ್ತಾರೆ. ಅವರು ಊರಿಗೆ ಊರೇ ಇದ್ದಾರೆ, ಅಂಗಡಿ ಬೀದಿಗಳಿವೆ.

"ಚಳಿ ಶುರುವಾಗೋ ಹೊತ್ತಿಗೆ ಅಜ್ಜಿ ಸತ್ತವರ ಫೋಟೋ ಇಟ್ಟು ಇದೇ ಹೂ ಸುರೀತಿದ್ದಳಂತೆ," ಎಂದಳು ಮಾರಿಸೆಲಾ. "ಟೀಚರ್ ಮನೆಗೆ ಬರ್ತಾರೆ ಅಂದ್ರೆ ಅದರ ಮುಂದೆ ಒಂದು ಬೆಡ್‌ಶೀಟ್ ಇಳಿಬಿಡ್ತಿದ್ದಳು, ನೋಡಿ ನಗ್ತಾರೆ ಅಂತ. ನಮ್ಮಮ್ಮನಿಗೆ ಈಗ ಆ ಬೆಡ್‌ಶೀಟ್ ಮಾತ್ರ ಜ್ಞಾಪಕ ಇದೆ. ನೀಲಿ ಗೆರೆಯದ್ದು. ಅದರ ಹಿಂದೆ ಏನೇನು ಇಡ್ತಿದ್ದಳು ಅಂತ ಕೇಳಿದ್ರೆ ಗೊತ್ತಿಲ್ಲ."

ಈ ಮಾತನ್ನು ಮಂಜುಶ್ರೀ ಅತ್ತೆಗೆ ಹೇಳಲಿಲ್ಲ. "ಅವರ ಅಜ್ಜಿನೂ ಹೂ ಇಡ್ತಿದ್ರಂತೆ," ಎಂದಷ್ಟೇ ಅಂದಳು.

"ತಿನ್ನಕೆ ಏನಿಕ್ತಿದ್ರಂತೆ? ಕೇಳು."

ಕೇಳಿದಳು. ಮಾರಿಸೆಲಾ ನಕ್ಕಳು. "ಒಂದು ಮಾತ್ರ ನಂಗೆ ಗೊತ್ತು. ತಾತನಿಗೆ ಕರುಳು, ಹೊಟ್ಟೆ ಹಾಕಿ ಮಾಡೋ ಖಾರದ ಸಾರು ಅಂದ್ರೆ ಪ್ರಾಣ. ಪಕ್ಕದಲ್ಲಿ ಒಂದು ಗ್ಲಾಸು ಹೆಂಡ. ಆದ್ರೆ ನಿಮ್ಮನೆಯಲ್ಲಿ ಇದನ್ನೆಲ್ಲ ಹೇಳ್ಬಾರದೇನೋ, ನೀವು ಮಾಂಸ ಮುಟ್ಟಲ್ಲ ಅಲ್ವಾ? ಕ್ಷಮಿಸಿ."

"ಏನಂತೆ?" ಎಂದರು ಅತ್ತೆ.

"ಹಣ್ಣಂತೆ," ಎಂದಳು ಮಂಜುಶ್ರೀ. "ಒಂಥರ ಬ್ರೆಡ್ಡು."

ಆದರೆ ಮಾರಿಸೆಲಾ ಇನ್ನೂ ಹೇಳುತ್ತಲೇ ಇದ್ದಳು. ಅದನ್ನು ತೊಳೆಯುವುದೇ ದೊಡ್ಡ ಕೆಲಸ ಎಂದು ಒಂದು ಅಂಗೈಯನ್ನು ಕಲ್ಲಿನಂತೆ ಹಿಡಿದು, ಇನ್ನೊಂದರಿಂದ ಕೆರೆದಳು. ಸುಣ್ಣ ಸವರಿದಳು, ಬಿಸಿನೀರು ಹೊಯ್ದಳು, ಕಾಣದ ಚೀಲವೊಂದನ್ನು ಒಳಮಗ್ಗುಲು ಹೊರಗೆ ಮಾಡಿ ಮತ್ತೆ ಕೆರೆದಳು.

ಗಂಗರತ್ನಮ್ಮ ಆ ಕೈಗಳನ್ನೇ ನೋಡುತ್ತಿದ್ದರು. ಅವರ ಉಗುರಿನ ಸಂದಿಯಲ್ಲಿ ಬೆಳಗಿನ ಅರಿಶಿನ ಇನ್ನೂ ಇತ್ತು.

"ಅದು ಬೋಟಿ ತೊಳಿಯೋದಲ್ವೇನೇ?"

ಮಂಜುಶ್ರೀ ಮುಚ್ಚಿದ ಬಾಗಿಲ ಕಡೆ ತಿರುಗಿದಳು.

"ಬಾಳೆಹಣ್ಣಾ ಯಾರಾದ್ರೂ ಕಲ್ಮೇಲ್ ಉಜ್ತಾರಾ?"

"ಅತ್ತೆ..."

"ಅವ್ಳಿಗೆ ವಾಂತಿ ಬರಲ್ಲ ಆಗಾದ್ರೆ." ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ನಿಂಗೆ ನಾಚ್ಕೆ. ನನ್ ತಾವ ಅಂಗೇ ಅಂದಿದ್ರೆ ಆಗ್ತಿತ್ತು. ಅವ್ರ್ ಬಾಯ್ಗ್ ಬಂದಿದ್ನ ಯಾಕ್ ಕಿತ್ಕೊಂಡೆ?"

ಮಂಜುಶ್ರೀಗೆ ಒಂದು ಹಳೆಯ ಸಂಜೆ ನೆನಪಾಯಿತು. ಕಾಲೇಜಿನವರು ಮೊದಲ ಸಲ ಮನೆಗೆ ಬಂದ ದಿನ. ಇದೇ ಜಗಲಿಯಲ್ಲಿ ಕೂತು ಬ್ರಾಂದಿ ಕುಡಿಯುತ್ತಿದ್ದ ಮಾವ, ಗೇಟಿನ ಸದ್ದು ಕೇಳಿದ್ದೇ ಲೋಟ, ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಎದ್ದು ಹೋಗಿದ್ದರು. ಆಮೇಲೆ ಯಾರು ಬಂದರೂ ಹಾಗೇ. ಹೋಗಿ ಎಂದು ಅವಳು ಅಂದಿರಲಿಲ್ಲ. ಬೇಡ, ಇಲ್ಲೇ ಕೂತ್ಕೊಳಿ ಎಂದೂ ಅಂದಿರಲಿಲ್ಲ. ಇವತ್ತು ಸತ್ತ ಮೇಲೂ ಅವರ ತಟ್ಟೆಯನ್ನು ಅಲ್ಲಿಗೇ ಕಳಿಸಿದ್ದಳು.

"ಏನಾಯ್ತು?" ಮಾರಿಸೆಲಾ ಇಬ್ಬರ ಮುಖವನ್ನೂ ನೋಡಿದಳು. "ನಾನು ತಪ್ಪು ಮಾತಾಡಿದ್ನಾ?"

"ಇಲ್ಲ. ನಾನು ನಿಮಗೆ ಸುಳ್ಳು ಹೇಳಿದ್ದೆ," ಎಂದಳು ಮಂಜುಶ್ರೀ. "ನಾವು ತಿಂತೀವಿ. ನಮ್ಮ ಮಾವನಿಗೂ ಅದೇ ಇಷ್ಟ. ಅತ್ತೆ ಮಾಡಿದ್ದಾರೆ ಕೂಡ. ನೀವು ಬರ್ತೀರಿ ಅಂತ ನಾನೇ ಬಚ್ಚಿಡಿಸಿದೆ."

ಮಾರಿಸೆಲಾಳ ನಗು ಮಾಯವಾಯಿತು. ಅವಳು ಮಡಿಲಲ್ಲಿ ಉದುರಿದ್ದ ಹೂವಿನ ಎಸಳುಗಳನ್ನು ಒಂದೊಂದಾಗಿ ಆಯತೊಡಗಿದಳು.

ಗಂಗರತ್ನಮ್ಮ ಹಿತ್ತಲಿಗೆ ಹೋಗಿ ಪಾತ್ರೆ, ಬಾಟಲಿ ತಂದು ಸೊಸೆಯ ಮುಂದಿಟ್ಟರು. "ನಾನಿನ್ನೂ ಚಪ್ಪಾಳೆ ತಟ್ಟಿಲ್ಲ. ಅವ್ರು ಎದ್ದಿರಲ್ಲ. ಓಗಿ ಬಡ್ಸು."

"ಬಾಗಿಲು ತೆಗೀಬಾರ್ದು ಅಲ್ವಾ ಅತ್ತೆ?"

"ತೆಗೀಬಾರ್ದು. ಆದ್ರೂ ಓಗು. ನಾನು ಸುಳ್ ನಂಬ್ಕೊಂಡು ಅವ್ರಿಗೆ ಏನೇನೋ ಯೋಳ್ಬಿಟ್ಟಿದ್ದೀನಿ. ಇನ್ನ ನೀನೇ ಯೋಳು."

ಒಳಗೆ ಹೊಗೆ ಇನ್ನೂ ಕರಗಿರಲಿಲ್ಲ. ದೀಪದ ಬೆಳಕಿನಲ್ಲಿ ಪಾಯಸ ಕೆನೆ ಕಟ್ಟಿತ್ತು. ಮಂಜುಶ್ರೀ ಕಣ್ಣು ತಗ್ಗಿಸಿಯೇ ಎಲೆಯ ನಡುವೆ ಜಾಗ ಮಾಡಿ ಬೋಟಿ ಬಡಿಸಿದಳು. ಅಂಚು ನೆಗ್ಗಿದ್ದ ಅವರದೇ ಸ್ಟೀಲ್ ಲೋಟಕ್ಕೆ ಬ್ರಾಂದಿ ಬಗ್ಗಿಸಿದಳು. ಹೊಸ ಪಂಚೆಯ ಮೇಲೆ ಒಂದಿಷ್ಟು ಚೆಲ್ಲಿತು.

"ಆಯ್ತಾ? ಯೋಳ್ದ್ಯಾ?" ಹೊರಗಿನಿಂದ ಅತ್ತೆಯ ದನಿ.

"ಇನ್ನೂ ಇಲ್ಲ ಅತ್ತೆ."

"ಯೋಳು. ಆರೋಯ್ತದೆ."

ಅವಳು ನೆಲಕ್ಕೆ ಕೂತಳು.

"ಮಾವ," ಎಂದಳು. ಫೋಟೋದ ಕಡೆ ನೋಡಲಾಗಲಿಲ್ಲ, ಲೋಟದ ಕಡೆ ನೋಡಿದಳು. "ಅವತ್ತು ನೀವು ಹಿತ್ತಲಿಗೆ ಎದ್ದು ಹೋದಾಗ, ನಾನು ನೋಡ್ಕೊಂಡು ಬಾಗಿಲ ಹತ್ರಾನೇ ನಿಂತಿದ್ದೆ."