ಹೊಲಿಗೆಯ ಹಿಂಬದಿ

ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ರಿಪೇರಿಯಕ್ಕನಿಗೆ ತನ್ನ ಆರನೆಯ ವರ್ಷ ನೆನಪಾಗುತ್ತಿತ್ತು. ಸಂಜೆ ಅಪ್ಪ ಮನೆಗೆ ಬಂದು ಎತ್ತಿಕೊಂಡಾಗ ಅವನ ಅಂಗಿಯ ತೋಳಿನಿಂದ ಬರುತ್ತಿದ್ದ ವಾಸನೆ ಅದು. ತೆಳುವಾದ ಎಣ್ಣೆ, ಬಿಸಿಯಾದ ಕಬ್ಬಿಣ, ಹೊಸ ಬಟ್ಟೆಯ ಗಂಜಿ, ಮೂರೂ ಬೆರೆತದ್ದು. ಬೇರೆ ಮಕ್ಕಳ ಅಪ್ಪಂದಿರ ಹತ್ತಿರ ಬರೀ ಸೋಪಿನ ವಾಸನೆ ಇರುತ್ತದೆಂದು ತಿಳಿದದ್ದು ಶಾಲೆಗೆ ಸೇರಿದ ಮೇಲೆ. ಪಾಪ ಅವರು, ಎಂದುಕೊಂಡಿದ್ದಳು.

ಈಗ ಅವಳಿಗೇ ಐವತ್ತೈದು. ಅಪ್ಪನ ಕಸುಬು ಅವಳ ಕೈಗೆ ಬಂದು ಬಹಳ ಕಾಲವಾಗಿತ್ತು. ಗುಜರಿಗೆ ಹೋದ ಹಳೆಯ ಯಂತ್ರಗಳನ್ನು ತಂದು, ಮನೆಯ ಮುಂದಿನ ಕೋಣೆಯಲ್ಲಿ ಒಂದೊಂದು ತಿರುಪನ್ನೂ ಬಿಚ್ಚಿ ತೊಳೆದು, ಜೀವ ಬರಿಸಿ, ಆನ್‌ಲೈನಿನಲ್ಲಿ ಮಾರುತ್ತಿದ್ದಳು. ಪ್ಯಾಕಿಂಗ್ ಗಂಡನ ಕೆಲಸ. ರೈಲಿನಲ್ಲಿ ಇಪ್ಪತ್ತೆಂಟು ವರ್ಷ ಟಿಕೆಟ್ ಪರೀಕ್ಷಿಸಿ ನಿವೃತ್ತರಾದವರು ಅವರು. ಬೀದಿಯವರೆಲ್ಲ ಈಗಲೂ ಅವರನ್ನು ಟಿಕೆಟ್ ಸಾಹೇಬರು ಎಂದೇ ಕರೆಯುತ್ತಿದ್ದರು. ತರಕಾರಿಯವನು ಒಂದು ಬದನೆಕಾಯಿ ಹೆಚ್ಚು ಹಾಕಿದರೂ, ಯಾಕೆ ಹಾಕಿದ ಎಂದು ಅರ್ಧ ದಿನ ಯೋಚಿಸುವ ಸ್ವಭಾವ.

ಆ ದಿನ ಬೆಳಿಗ್ಗೆ ಸಾಹೇಬರು ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಒಂದು ಮೊಳ ದೂರ ಹಿಡಿದು ಓದುತ್ತಿದ್ದರು.

"ಇದು ಕಳ್ಳ ಗಿರಾಕಿನೇ. ಬರೆದಿಟ್ಕೋ. ಖಾತೆ ತೆರೆದು ಎಂಟು ದಿನ ಆಗಿದೆ. ಹೆಸರು ಗಂಡಸಿಂದು, 'ನಾನು ಹೊಲಿಯೋಳು' ಅಂತ ಬರೀತಾರೆ. ವಿಳಾಸ ಯಾವುದೋ ಆಸ್ಪತ್ರೆ ಕ್ಯಾಂಟೀನು. ಫೋನ್ ಮಾಡ್ಬೇಡಿ ಅಂತ ಮೂರು ಸಲ ಹೇಳಿದಾರೆ. ಪೆಟ್ಟಿಗೆ ತೆಗೆದು, ಹೊಲಿದು ನೋಡಿದ ಮೇಲೇ ದುಡ್ಡಂತೆ. ಪಾರ್ಸೆಲ್‌ನವನೇನು ಇವರ ಹೊಲಿಗೆ ಮುಗಿಯೋವರೆಗೂ ಬಾಗಿಲಲ್ಲಿ ನಿಂತಿರ್ತಾನಾ?"

"ಏನೋ ಕಷ್ಟ ಇರ್ಬೇಕು."

"ಆ ಕಲ್ಲಿನೋರಿಗೂ ಏನೋ ಕಷ್ಟ ಇತ್ತು ಅಂತಾನೇ ನೀನು ಹೇಳಿದ್ದು."

ರಿಪೇರಿಯಕ್ಕನ ಕಣ್ಣು ಬಾಗಿಲಿನತ್ತ ಹೋಯಿತು. ಕಲ್ಲು ಅಲ್ಲೇ ಬಾಗಿಲ ಬುಡದಲ್ಲಿತ್ತು. ಎರಡು ವರ್ಷದ ಹಿಂದೆ ಯಾರೋ ಒಂದು ಒಳ್ಳೆಯ ಯಂತ್ರ ತರಿಸಿಕೊಂಡು, ಕೆಟ್ಟಿದೆ ಎಂದು ದೂರು ಕೊಟ್ಟು, ದುಡ್ಡು ವಾಪಸು ಪಡೆದು, ಪೆಟ್ಟಿಗೆಯಲ್ಲಿ ಯಂತ್ರದ ಬದಲು ನಾಲ್ಕು ಕಲ್ಲು ಕಳಿಸಿದ್ದರು. ಮೂರನ್ನು ಅವಳು ಹೊರಗೆ ಹಾಕಿದ್ದಳು. ನಾಲ್ಕನೆಯದನ್ನು ಸಾಹೇಬರು ಬಾಗಿಲಿಗೆ ಆನಿಸಿಟ್ಟಿದ್ದರು. ಹೆಂಡತಿ ಮರೆಯದಿರಲಿ ಎಂದು.

ಅದಕ್ಕಿಂತ ದೊಡ್ಡ ಮಾತೊಂದಿತ್ತು. ಈಗ ಮಾರಾಟಕ್ಕಿಟ್ಟಿದ್ದ ಹಸಿರು ಬಣ್ಣದ ಕೈಯಂತ್ರ ಅಪ್ಪ ತನ್ನ ಕೈಯಾರೆ ಸರಿಮಾಡಿದ ಕೊನೆಯದು. ಅದರ ಚಕ್ರದ ಹಿಡಿ ಅಪ್ಪನ ಅಂಗೈಗೆ ಸವೆದು ನುಣುಪಾಗಿತ್ತು. ಸುಮ್ಮನೆ ನಿಲ್ಲಿಸಿದರೆ ಯಂತ್ರಕ್ಕೆ ಜಡ್ಡು ಹಿಡಿಯುತ್ತೆ ಮಗಳೇ ಎಂದು ಅಪ್ಪನೇ ಹೇಳುತ್ತಿದ್ದ. ಅದಕ್ಕೇ ಮನಸ್ಸು ಗಟ್ಟಿಮಾಡಿ ಚಿತ್ರ ಹಾಕಿದ್ದಳು. ಹೊಲಿಯುವವರ ಮನೆಗೆ ಹೋದರೆ ಹೋಗಲಿ. ಮೋಸಗಾರನ ಕೈಗೆ ಸಿಕ್ಕಿ ಮತ್ತೆ ಗುಜರಿ ಸೇರಿದರೆ, ಅಪ್ಪನನ್ನು ಎರಡನೆಯ ಸಲ ಕಳೆದುಕೊಂಡ ಹಾಗೆ.

"ಆಗಲ್ಲ ಅಂತ ಬರೆದುಬಿಡ್ತೀನಿ," ಎಂದಳು.

ಮಧ್ಯಾಹ್ನ ಬರೆಯಲು ಕೂತಾಗ ಹೊಸ ಸಂದೇಶವೊಂದು ಬಂದಿತ್ತು. ಆ ಗಿರಾಕಿಯ ಸಂದೇಶಗಳೆಲ್ಲ ಎರಡು ಗಂಟೆಯಿಂದ ಮೂರರೊಳಗೇ ಬರುತ್ತಿದ್ದವು. ಅದನ್ನೂ ಸಾಹೇಬರು ಅನುಮಾನದ ಪಟ್ಟಿಗೆ ಸೇರಿಸಿದ್ದರು. ಸಂದೇಶ ಎರಡೇ ಸಾಲು: "ಅಕ್ಕ, ಚಿತ್ರದಲ್ಲಿ ಯಂತ್ರದ ಪಾದದ ಕೆಳಗೆ ಒಂದು ತುಂಡು ಬಟ್ಟೆ ಇದೆಯಲ್ಲ, ಅದರ ಹಿಂಬದಿ ತೋರಿಸ್ತೀರಾ? ಅದೊಂದು ಚಿತ್ರ ಕಳಿಸಿ, ಸಾಕು."

ರಿಪೇರಿಯಕ್ಕನ ಬೆರಳು ಹಾಗೇ ನಿಂತಿತು.

ಯಂತ್ರ ಸರಿಯಾದ ಮೇಲೆ ಒಂದು ತುಂಡು ಬಟ್ಟೆಯ ಮೇಲೆ ಒಂದು ಸಾಲು ಹೊಲಿದು, ಅದನ್ನು ಸೂಜಿಯ ಬಳಿ ಬಟ್ಟೆ ಒತ್ತಿ ಹಿಡಿಯುವ ಪಾದದ ಕೆಳಗೇ ಬಿಟ್ಟು ಕಳಿಸುವುದು ಅಪ್ಪನ ಪದ್ಧತಿ. ಗಿರಾಕಿಗಳು ಮೇಲಿನ ಹೊಲಿಗೆ ನೋಡಿ ತಲೆಯಾಡಿಸುತ್ತಿದ್ದರು. ಮೇಲಿನ ದಾರ ಸಡಿಲವಾಗಿದ್ದರೆ ಹಿಂಬದಿಯಲ್ಲಿ ಕುಣಿಕೆ ಬೀಳುತ್ತದೆ. ಅದು ಗೊತ್ತಿದ್ದವರು ಮಾತ್ರ ಬಟ್ಟೆ ತಿರುಗಿಸುತ್ತಿದ್ದರು. ಹಾಗೆ ತಿರುಗಿಸಿದವರಿಗೆ ಅಪ್ಪ ಚಹಾ ತರಿಸುತ್ತಿದ್ದ. ಇಷ್ಟು ವರ್ಷದ ಆನ್‌ಲೈನ್ ವ್ಯಾಪಾರದಲ್ಲಿ ಹಿಂಬದಿ ಕೇಳಿದವರು ಒಬ್ಬರೂ ಇರಲಿಲ್ಲ. ಅವಳೂ ಮುಂಬದಿಯ ಚಿತ್ರ ಮಾತ್ರ ಹಾಕುವ ಅಭ್ಯಾಸ ಮಾಡಿಕೊಂಡಿದ್ದಳು.

"ರೀ, ಇವಳು ಹೊಲಿಯೋಳೇ."

"ಕಳ್ಳರಿಗೆ ಹೊಲಿಗೆ ಬರಬಾರ್ದು ಅಂತ ಕಾನೂನಿದೆಯಾ?"

"ಕಲ್ಲು ಕಳಿಸೋರಿಗೆ ಹಿಂಬದಿ ಯಾಕೆ ಬೇಕು ಹೇಳಿ?"

ಸಾಹೇಬರು ಅಂಟುಪಟ್ಟಿಯ ಸುರುಳಿಯನ್ನು ತುದಿ ಹುಡುಕುವವರಂತೆ ಉಗುರಿನಿಂದ ಕೆರೆಯುತ್ತಾ ಕೂತರು. ಆಮೇಲೆ ಮೆತ್ತಗೆ ಹೇಳಿದರು: "ನೋಡು, ನನಗೇನು ಆ ಹೆಂಗಸಿನ ಮೇಲೆ ಹಗೆಯಿಲ್ಲ. ಆವತ್ತು ಕಲ್ಲು ಬಂದಾಗ ನೀನು ಎರಡು ದಿನ ಊಟ ಮಾಡ್ಲಿಲ್ಲ. ಅದನ್ನ ನೋಡಿದೋನು ನಾನು."

ಮೂವತ್ತು ವರ್ಷದ ಸಂಸಾರದಲ್ಲಿ ಇದು ಅವಳಿಗೆ ಹೊಸ ಸುದ್ದಿ. ಬಾಗಿಲ ಬುಡದ ಕಲ್ಲು ತನ್ನನ್ನು ಚುಚ್ಚಲೆಂದೇ ಇಟ್ಟದ್ದು ಅಂದುಕೊಂಡಿದ್ದಳು.

"ಹಾಗಾದ್ರೆ ಪಾರ್ಸೆಲ್ ಬೇಡ," ಎಂದಳು. "ನಾನೇ ತಗೊಂಡು ಹೋಗ್ತೀನಿ. ಎರಡು ಬಸ್ಸು ಬದಲಾಯಿಸಿದ್ರೆ ಆಯ್ತು. ಅವಳು ಹೊಲಿದು ನೋಡ್ಲಿ, ನಾನು ಅವಳನ್ನ ನೋಡ್ತೀನಿ. ಸರಿ ಕಾಣದಿದ್ರೆ ಹೊತ್ಕೊಂಡು ವಾಪಸ್."

"ಅಷ್ಟು ಭಾರ ಹೊತ್ಕೊಂಡು ಒಬ್ಳೇ? ನಾನೂ ಬರ್ತೀನಿ."

"ಟಿಕೆಟ್ ತಗೊಂಡು ಬನ್ನಿ."

ಹಿಂಬದಿಯ ಚಿತ್ರದ ಜೊತೆಗೆ, ನಾಳೆ ಎರಡು ಗಂಟೆಗೆ ನಾವೇ ತರುತ್ತೇವೆ ಎಂದೂ ಬರೆದಳು. ಮೂರು ಗಂಟೆ ಆಗುತ್ತಾ ಬಂದರೂ ಉತ್ತರ ಬರಲಿಲ್ಲ. ಕೊನೆಗೆ, "ಬನ್ನಿ ಅಕ್ಕ" ಎಂದಷ್ಟೇ ಬಂತು.

ಮರುದಿನ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಸಾಹೇಬರು ಬಸ್ಸಿನಲ್ಲಿ ಕೂತರು. ಎರಡನೆಯ ಬಸ್ಸು ತಡವಾಗಿ ಬಂತು. ಆಸ್ಪತ್ರೆಯ ಹಿಂಭಾಗದ ಕ್ಯಾಂಟೀನು ತಲುಪುವ ಹೊತ್ತಿಗೆ ಎರಡೂವರೆ. ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿ, ನೆಲ ಒರೆಸಿಯಾಗಿತ್ತು. ಗಲ್ಲಾದ ಮುಂದೆ ಲೆಕ್ಕ ಬರೆಯುತ್ತಿದ್ದವನು ತಲೆಯೆತ್ತದೆ, "ಊಟ ಮುಗೀತು" ಎಂದ.

ಒಳಗಿನಿಂದ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಒದ್ದೆ ಕೈಯನ್ನು ಉಡುಪಿಗೆ ಒರೆಸಿಕೊಳ್ಳುತ್ತಾ ಓಡಿಬಂದಳು. ಪಾತ್ರೆ ತೊಳೆದು ತೊಳೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ನಮ್ಮೋರು ಇವರು, ಅಣ್ಣ," ಎಂದು ಗಲ್ಲಾದವನಿಗೆ ಹೇಳಿ, ಇವರತ್ತ ತಿರುಗಿದಳು. "ಫೋನು ಅಣ್ಣಂದು, ಖಾತೇನೂ ಅವರ ಹೆಸರಲ್ಲೇ ತೆರೆದಿದ್ದು. ನನ್ನ ಹತ್ರ ಫೋನಿಲ್ಲ. ಕೆಲಸ ಮುಗಿದ ಮೇಲೆ ಒಂದು ಗಂಟೆ ಕೊಡ್ತಾರೆ. ಊಟದ ಹೊತ್ತಲ್ಲಿ ಅದು ಹೊಡ್ಕೊಂಡ್ರೆ ಮಾಲೀಕರ ಕೈಲಿ ಅಣ್ಣಂಗೆ ಬೈಗುಳ."

ಸಾಹೇಬರು ಹೆಂಡತಿಯ ಮುಖ ನೋಡಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

ಅವಳು ಚಾಕು ತಂದಳು, ಆದರೆ ಕತ್ತರಿಸಲಿಲ್ಲ. ಮೊದಲು ಪೆಟ್ಟಿಗೆಯ ಒಂದು ಮೂಲೆ ಎತ್ತಿ ತೂಗಿ ನೋಡಿದಳು.

"ತಪ್ಪು ತಿಳ್ಕೋಬೇಡಿ ಅಕ್ಕ. ನಾನು ಬಟ್ಟೆ ಫ್ಯಾಕ್ಟರೀಲಿ ಹದಿನಾರು ವರ್ಷ ಹೊಲಿದೋಳು. ಅದು ಮುಚ್ಚಿತು. ಸ್ವಂತಕ್ಕೊಂದು ಯಂತ್ರ ಇರ್ಲಿ ಅಂತ ಹೋದ ವರ್ಷ ಆನ್‌ಲೈನಲ್ಲೇ ತರಿಸ್ದೆ. ಮೊದಲೇ ದುಡ್ಡು ಕಳಿಸಿದ್ದೆ. ಪೆಟ್ಟಿಗೆ ತೆಗೆದ್ರೆ ಕಲ್ಲು."

"ಎಷ್ಟು ಕಲ್ಲು?" ಎಂದು ಸಾಹೇಬರು ಕೇಳಿದರು, ಟಿಕೆಟ್ ಕೇಳುವ ಅದೇ ದನಿಯಲ್ಲಿ.

"ಮೂರು."

"ನಮಗೆ ನಾಲ್ಕು," ಎಂದರು ಸಾಹೇಬರು.

ಮೊದಲು ನಕ್ಕವಳು ರಿಪೇರಿಯಕ್ಕ. ಆಮೇಲೆ ಆ ಹೆಂಗಸು, ಕಣ್ಣಲ್ಲಿ ನೀರು ಬರುವಷ್ಟು. ನಿನ್ನೆ ಸಂಜೆಯಿಂದ ಅವಳೂ ತನ್ನ ಹಾಗೆಯೇ ಹೊರಳಾಡಿರಬೇಕು, ಇವರ್ಯಾಕೆ ತಾವೇ ತರ್ತೀವಿ ಅಂದ್ರು, ಏನೋ ಮಸಲತ್ತು ಇದೆ ಎಂದು, ಅನ್ನಿಸಿತು ರಿಪೇರಿಯಕ್ಕನಿಗೆ.

ಪೆಟ್ಟಿಗೆ ತೆರೆಯಿತು. ಹಸಿರು ಯಂತ್ರ ಹೊರಬಂದು, ಒರೆಸಿದ ನೆಲದ ವಾಸನೆಯ ಮಧ್ಯೆ ತೆಳುವಾದ ಎಣ್ಣೆಯ ವಾಸನೆ ಎದ್ದಿತು. ಆ ಹೆಂಗಸು ಸೂಜಿಗೆ ದಾರ ಪೋಣಿಸಿ, ಮೇಜು ಒರೆಸುವ ಬಟ್ಟೆಯ ಹರಿದ ಅಂಚನ್ನೇ ಪಾದದ ಕೆಳಗಿಟ್ಟು, ಚಕ್ರದ ಹಿಡಿಗೆ ಕೈ ಹಾಕಿದಳು. ಅಪ್ಪನ ಅಂಗೈ ಸವೆಸಿದ ಜಾಗದಲ್ಲಿ ಅವಳ ಸುಕ್ಕುಗಟ್ಟಿದ ಬೆರಳುಗಳು ಸರಿಯಾಗಿ ಕೂತವು. ಟಕಟಕ ಸದ್ದಿಗೆ ಗಲ್ಲಾದವನೂ ಪೆನ್ನು ಕೆಳಗಿಟ್ಟ. ಒಂದು ಸಾಲು ಮುಗಿಸಿ, ದಾರ ಕಡಿದು, ಬಟ್ಟೆ ತಿರುಗಿಸಿ, ಹಿಂಬದಿಯ ಮೇಲೆ ಬೆರಳಾಡಿಸಿದಳು.

"ಯಾರು ಸರಿಮಾಡಿದ್ದು ಇದನ್ನ?"

"ನಮ್ಮಪ್ಪ."

"ಬಹಳ ಸಮಾಧಾನದ ಕೈ," ಎಂದಳು ಅವಳು. ಗಲ್ಲಾದವನ ಹತ್ತಿರ ಇಟ್ಟಿದ್ದ ದುಡ್ಡು ತಂದು ಕೊಟ್ಟಳು. ಸಾಹೇಬರು ಎಣಿಸದೆ ಜೇಬಿಗಿಟ್ಟರು. ರಿಪೇರಿಯಕ್ಕ ಅದನ್ನು ಗಮನಿಸಿದಳು.

ಹೊರಡಲೆಂದು ಎದ್ದಾಗ ಸಾಹೇಬರು ಮೇಜಿನ ಅಂಚು ಹಿಡಿದುಕೊಂಡರು. ಹಣೆಯಲ್ಲಿ ಬೆವರು. ಸಕ್ಕರೆ ಕಾಯಿಲೆಯವರು, ಮೂರು ಗಂಟೆಯಾದರೂ ಊಟವಿಲ್ಲ. "ಏನಿಲ್ಲ, ಏನಿಲ್ಲ," ಎನ್ನುವಷ್ಟರಲ್ಲಿ ರಿಪೇರಿಯಕ್ಕ ಅವರನ್ನು ಕೂರಿಸಿದ್ದಳು. ಆ ಹೆಂಗಸು ಒಳಗೆ ಹೋಗಿ, ಮುಚ್ಚಳ ಹಾಕಿದ್ದ ಒಂದು ತಟ್ಟೆ ತಂದು ಅವರ ಮುಂದಿಟ್ಟಳು. ಅನ್ನ, ಬೇಯಿಸಿದ ತರಕಾರಿ, ಒಂದು ಮೊಟ್ಟೆ.

ಸಾಹೇಬರು ಆತುರದಿಂದ ನಾಲ್ಕು ತುತ್ತು ತಿಂದರು. ಹಣೆಯ ಬೆವರು ಆರಿತು. ಆಗ ಕಣ್ಣು ಹಳೆಯ ಅಭ್ಯಾಸದಂತೆ ಸುತ್ತ ಪರೀಕ್ಷಿಸಿತು. ಒಳಗೆ ಪಾತ್ರೆಗಳೆಲ್ಲ ತೊಳೆದು ಬೋರಲಾಗಿದ್ದವು. ಉಳಿದಿದ್ದ ತಟ್ಟೆ ಇದೊಂದೇ, ಅವಳು ತನಗೆಂದು ಎತ್ತಿಟ್ಟುಕೊಂಡದ್ದು. ಆ ಹೆಂಗಸು ಯಂತ್ರದ ಪಕ್ಕ ಕೂತು, ಇವರತ್ತ ನೋಡದೆ, ನೀರು ಕುಡಿಯುತ್ತಿದ್ದಳು.

ಸಾಹೇಬರು ತಟ್ಟೆಯ ಕೈ ತಾಗದ ಕಡೆಯಿಂದ ಅನ್ನ, ತರಕಾರಿಯನ್ನು ಚಮಚದಲ್ಲಿ ತೆಗೆದು ಮುಚ್ಚಳದ ಮೇಲೆ ಹಾಕಿದರು. ಮೊಟ್ಟೆಯನ್ನೂ ಅದರ ಪಕ್ಕಕ್ಕಿಟ್ಟರು. ಎದ್ದು ಹೋಗಿ, ಅನ್ನ ತಾಗದಂತೆ ಯಂತ್ರವನ್ನು ಸ್ವಲ್ಪ ಸರಿಸಿ, ಮುಚ್ಚಳವನ್ನು ಅವಳ ಕೈಗೆ ಕೊಟ್ಟರು.