ಎನಕ್‌ನ ಹೆಣಕ್ಕೊಂದು ಕಾಗದ

"ಇನ್ನೊಂಚೂರು ಕೆಳಗಿಳಿಸು ಕೆಜಾಯಾ. ಕಿಟಕಿ ಕಡೆ ತಿರುಗು. ಹಿಂದಿನ ಸಾಲಿನೋರಿಗೆ ಕಾಣ್ತಿಲ್ಲ, ಪಾಪ."

ಪಾಪ ಅಂದದ್ದು ಹಿಂದಿನ ಸಾಲಿನವರಿಗೆ, ನನಗಲ್ಲ. ಲ್ಯಾಥ್ರಪ್ ಧಣಿಗಳ ಹೆಂಡತಿ ನನ್ನ ಅಂಗಿಯನ್ನು ತಾವೇ ಸೊಂಟದವರೆಗೆ ಜಗ್ಗಿ, ಬೆನ್ನಿನ ಚಾಟಿ ಗುರುತುಗಳ ಮೇಲೆ ಬೀಸಣಿಗೆಯ ತುದಿ ಆಡಿಸಿ ತೋರಿಸಿದರು. ಕೂತಿದ್ದ ಹೆಂಗಸರೆಲ್ಲ ಕರವಸ್ತ್ರ ತೆಗೆದರು. ಗುಲಾಮಗಿರಿ ತೊಲಗಬೇಕು ಅನ್ನುವ ಬಾಸ್ಟನ್ನಿನ ದೊಡ್ಡ ಮನೆತನದವರು ಇವರು. ಗುಲಾಮರು ಬೆಳೆದ ಸಕ್ಕರೆ ಈ ಮನೆಯ ಹೊಸ್ತಿಲು ದಾಟುವುದಿಲ್ಲ, ಕಾಫಿಗೆ ಮೇಪಲ್ ಮರದ ಬೆಲ್ಲವೇ ಆಗಬೇಕು. ಗುಲಾಮಳ ಬೆನ್ನು ಮಾತ್ರ ನಡೆಯುತ್ತದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಏಳು ವರ್ಷದ ಹಿಂದೆ ತಮ್ಮ ಎನಕ್‌ನ ಕೈ ಹಿಡಿದುಕೊಂಡು ದಕ್ಷಿಣದಿಂದ ಓಡಿಬಂದವಳು ನಾನು. ಅಂದಿನಿಂದ ಈ ಮನೆಯ ಬಟ್ಟೆ ಒಗೆಯುತ್ತಿದ್ದೇನೆ. ಬೆನ್ನು ತೋರಿಸುವುದೂ ಆ ಕೆಲಸದ ಜೊತೆಗೇ ಬಂತು. ಇವತ್ತು ಮಾತ್ರ ಒಂದು ಕರಾರು ಹಾಕಿದ್ದೆ.

ಎನಕ್ ವರ್ಜೀನಿಯಾದ ಸೆರೆಮನೆಯಲ್ಲಿದ್ದ. ಗುಲಾಮರನ್ನು ಬಿಡಿಸುತ್ತೇವೆಂದು ಬಂದೂಕು ಹಿಡಿದು ಹೋಗಿ ಸಿಕ್ಕಿಬಿದ್ದವರಲ್ಲಿ ಅವನೊಬ್ಬ. ಶುಕ್ರವಾರ ನೇಣು. ಬಿಳಿಯರ ಹೆಣ ಮನೆಯವರಿಗೆ ಕೊಡುತ್ತಾರಂತೆ. ಕರಿಯರದು ವೈದ್ಯ ಕಲಿಯುವ ಹುಡುಗರಿಗೆ, ಕೊಯ್ದು ನೋಡುವುದಕ್ಕೆ. ಹೆಸರಿರುವ ಬಿಳಿಯನೊಬ್ಬ ಗವರ್ನರಿಗೆ ಕಾಗದ ಬರೆದರೆ ಒಂದು ವೇಳೆ ಕೊಟ್ಟಾರು. "ಬರೀತೀನಿ, ನೀನು ಮೊದಲು ಒಳಗೆ ಹೋಗಿ ನಿಂತ್ಕೊ" ಎಂದಿದ್ದರು ಧಣಿಗಳು.

ನಿಂತಿದ್ದಾಯಿತು. ಅಂಗಿ ಏರಿಸಿಕೊಂಡು ಹಜಾರಕ್ಕೆ ಬಂದರೆ ಧಣಿಗಳು ದಪ್ಪ ಕೋಟು ತೊಡುತ್ತಿದ್ದರು. ಬಾಗಿಲ ಬಳಿ ಎರಡು ಪೆಟ್ಟಿಗೆ ತಯಾರಾಗಿದ್ದವು.

"ಕಾಗ್ದ, ಧಣಿ?"

"ಆಗಲ್ಲ ಕೆಜಾಯಾ. ಬಂದೂಕು ಕೊಟ್ಟೋರ್ಯಾರು ಅಂತ ಸರ್ಕಾರದೋರು ಮೂಸ್ಕೊಂಡು ತಿರುಗ್ತಿದಾರೆ. ನನ್ನ ಹೆಸರು ಅಲ್ಲಿಗೆ ಹೋದ್ರೆ ಮುಗೀತು. ನನಗೆ ಮೈಯೂ ಹುಷಾರಿಲ್ಲ, ಕೆನಡಾಕ್ಕೆ ಹೊರಟಿದೀನಿ."

"ಮಾತ್ ಕೊಟ್ಟಿದ್ರಿ."

"ಹೆಣದಲ್ಲೇನಿದೆ? ಅವನ ಆತ್ಮ ದೇವರ ಹತ್ರ ಹೋಗುತ್ತೆ."

"ಆತ್ಮ ದೇವ್ರಿಗೆ, ಮೈ ಆ ಹೈಕ್ಳ ಚಾಕೂಗೆ. ಒಡಹುಟ್ಟಿದೋಳಿಗೆ ಏನ್ ಉಳೀತು ಧಣಿ?"

"ನಿಮ್ ಜನಕ್ಕೆ ಉಪಕಾರ ಸ್ಮರಣೆ ಅನ್ನೋದೇ ಇಲ್ಲ" ಎಂದು ಅವರು ಕೈಗವಸು ಎಳೆದುಕೊಂಡರು.

ತಿರುಗಿ ದಿವಾನಖಾನೆಗೇ ನುಗ್ಗಿದೆ. ಮುಂದಿನ ಕುರ್ಚಿಯಲ್ಲಿ ಪತ್ರಿಕೆಯವನೊಬ್ಬ ನನ್ನ ಬೆನ್ನಿನ ಬಗ್ಗೆ ಬರೆಯುತ್ತ ಕೂತಿದ್ದ.

"ಏಯ್ ಬರೆಯೋ ಅಪ್ಪಾ, ಇದ್ನೂ ಬರ್ಕೋ! ವರ್ಜೀನಿಯಾಕ್ ಹೋದ ಬಂದೂಕು ಇದೇ ಮನೆ ಕುದ್ರೆ ಲಾಯ್ದಲ್ಲಿದ್ವು. ಪೆಟ್ಗೆ ಮ್ಯಾಲೆ 'ನೇಗಿಲ ಸಾಮಾನು' ಅಂತ ಬರ್ಸಿದ್ರು. ಹೊತ್ತೋರು ನಾನೂ ನನ್ ತಮ್ಮಾನೂ. ಕೊಂಡೋರು ಲ್ಯಾಥ್ರಪ್ ಧಣಿ! 'ಹೋಗ್ಬಾ ತಮ್ಮಾ, ನಾನಿದೀನಿ' ಅಂತ ಅವನ ಕೈ ಕುಲುಕಿ ಕಳ್ಸಿದೋರೂ ಅವ್ರೇಯ!"

ಪೆನ್ಸಿಲ್ ಒಂದು ಗಳಿಗೆ ನಿಂತು, ಮತ್ತೆ ಓಡತೊಡಗಿತು. "ಇವಳಿಗೆ ತಲೆ ಕೆಟ್ಟಿದೆ" ಎಂದಳು ಈಗಷ್ಟೇ ಗೋಳೋ ಎಂದು ಅತ್ತವಳು. ಎಲ್ಲರೂ ಟೋಪಿ, ಶಾಲು ಹುಡುಕಿಕೊಂಡು, ನನಗೆ ತಾಗದಂತೆ ಗೋಡೆ ಬದಿಯಲ್ಲೇ ಸಾಗಿ ಹೊರಟುಹೋದರು. ಪತ್ರಿಕೆಯವನಂತೂ ಓಡಿಯೇ ಹೋದ.

"ಮುಂಡೇ! ನಿನ್ನನ್ನೂ ನೇಣಿಗೆ ಹಾಕ್ತಾರೆ ಕಣೆ!" ಏಳು ವರ್ಷದಲ್ಲಿ ಮೊದಲ ಸಲ ಧಣಿಗಳ ಬಾಯಲ್ಲಿ ನಾನು ಬಿಟ್ಟುಬಂದ ಒಡೆಯನ ದನಿ ಕೇಳಿತು.

"ಹಾಕ್ಲಿ. ಲಾಯ್ದಾಗೆ ಪೆಟ್ಗೆ ಹೊತ್ತಿದ್ದು ನಾನೇ ಅಂತ ಅವ್ರಿಗೂ ಹೇಳ್ತೀನಿ. ನಿಮ್ ಹಂಗೆ ಬಚ್ಚಿಟ್ಕಳಕ್ಕೆ ನಂಗೇನದೆ?"

ದಿವಾನಖಾನೆಯ ಮೇಜಿನ ಮೇಲಿದ್ದ ಕಾಗದ, ಲೇಖನಿ, ಮಸಿಕುಡಿಕೆ ಹಜಾರಕ್ಕೆ ತಂದು ಅವರ ಪೆಟ್ಟಿಗೆಯ ಮೇಲಿಟ್ಟೆ. ಮುಂಬಾಗಿಲು ಹಾಕಿ ಅಗಳಿ ಜಡಿದೆ.

"ಹೆಸ್ರು ಹೋಯ್ತದೆ ಅಂತಿದ್ರಿ. ಈಗ ಹೋಯ್ತಲ್ಲ. ಇನ್ಯಾವ ಭಯ? ಕೂತ್ಕಳಿ ಧಣಿ, ಬರೀರಿ."

ಹೊರಗೆ ಗಾಡಿಯವನು ರೈಲಿಗೆ ಹೊತ್ತಾಯಿತೆಂದು ಕದ ಬಡಿದ. ಧಣಿಗಳು ಮಸಿಕುಡಿಕೆ ನೋಡಿದರು, ಅಗಳಿ ನೋಡಿದರು. ಅಗಳಿಗೆ ನಾನು ಅಡ್ಡ ನಿಂತಿದ್ದೆ.