ಹೊಗೆ ಮಾವನ ಲಾರಿ

ಹೊಗೆ ಮಾವನ ಲಾರಿಗೆ ಹಾರನ್ ಇತ್ತು, ಆದರೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ತಿರುವಿನ ಆಚೆ ಕರಿ ಹೊಗೆ ಎದ್ದಿತೆಂದರೆ ಲಾರಿ ಸ್ಟ್ಯಾಂಡಿನ ಟೀ ಅಂಗಡಿಯವನು ಸ್ಟೌ ಹಚ್ಚುತ್ತಿದ್ದ. ಹಿಂದಿನ ಬೀದಿಯ ಹೆಂಗಸರು ಒಣಹಾಕಿದ ಬಟ್ಟೆ ಎತ್ತಿಕೊಳ್ಳಲು ತಾರಸಿಗೆ ಓಡುತ್ತಿದ್ದರು. ಮಾವನಿಗೆ ಇದರಲ್ಲಿ ಎಳ್ಳಷ್ಟೂ ನಾಚಿಕೆಯಿರಲಿಲ್ಲ. ನಾಚಿಕೆ ಹಾಗಿರಲಿ, ಸ್ವಲ್ಪ ಗತ್ತೇ ಇತ್ತು ಎನ್ನಬೇಕು. ಲಾರಿಯಿಂದ ಇಳಿದವನು ಒಮ್ಮೆ ಹಿಂದೆ ತಿರುಗಿ ಆಕಾಶ ನೋಡಿ, ಮೀಸೆ ಒರೆಸಿಕೊಂಡೇ ಮುಂದಿನ ಹೆಜ್ಜೆ ಇಡುತ್ತಿದ್ದ.

ನಾಚಿಕೆಪಡುವ ಕೆಲಸವನ್ನೆಲ್ಲ ಅವನ ಪರವಾಗಿ ಅವನ ಅಕ್ಕನ ಮಗಳು ವಹಿಸಿಕೊಂಡಿದ್ದಳು. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತಿದ್ದರು. ಹೆಸರಿಗೆ ಪುಟ್ಟಿ, ಆಳು ಮಾತ್ರ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಲಾರಿ ಇಂಜಿನ್ನಿನ ಕಂಪ್ಯೂಟರ್ ಹೊಂದಿಸುವುದು ಅವಳ ಕಸುಬು. ಯಾವ ಗಳಿಗೆಯಲ್ಲಿ ಎಷ್ಟು ಗಾಳಿಗೆ ಎಷ್ಟು ಡೀಸೆಲ್ ಬಿಡಬೇಕು ಎಂದು ಇಂಜಿನ್ನಿಗೆ ಅಪ್ಪಣೆ ಕೊಡುವ ಒಂದು ಡಬ್ಬಿ ಈಗಿನ ಲಾರಿಗಳಲ್ಲಿ ಇರುತ್ತದಲ್ಲ, ಅದು. ಡೀಸೆಲ್ ಹೆಚ್ಚಾಗಿ ಗಾಳಿ ಸಾಲದೆ ಹೋದರೆ ಅರೆಬರೆ ಉರಿದದ್ದೆಲ್ಲ ಕರಿ ಹೊಗೆಯಾಗಿ ಹೊರಬೀಳುತ್ತದೆ. ಡೀಸೆಲ್ ತೀರಾ ಕಡಿಮೆಯಾದರೆ ಲಾರಿಗೆ ತ್ರಾಣವಿರುವುದಿಲ್ಲ. ಪುಟ್ಟಿ ಸ್ಟೀರಿಂಗಿನ ಕೆಳಗೆ ವೈರು ಸಿಕ್ಕಿಸಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಚೌಕ ಚೌಕವಾಗಿ ತುಂಬಿದ ಅಂಕಿಗಳನ್ನು ಒಂದೊಂದಾಗಿ ತಿದ್ದುತ್ತಿದ್ದಳು. ಸ್ಟ್ಯಾಂಡಿನ ಎಲ್ಲ ಲಾರಿಗಳೂ ಅವಳ ಕೈಯಲ್ಲಿ ಹಾದುಹೋಗಿದ್ದವು, ಮಾವನದೊಂದನ್ನು ಬಿಟ್ಟು.

“ಮೇಡಂ, ನಮ್ಮದೆಲ್ಲ ಇರ್ಲಿ, ಮೊದ್ಲು ನಿಮ್ಮ ಹೊಗೆ ಮಾವಂದು ನೋಡಿ,” ಎಂದು ಡ್ರೈವರುಗಳು ಕಿಚಾಯಿಸುತ್ತಿದ್ದರು. ಅವಳು ನಕ್ಕು ಲ್ಯಾಪ್‌ಟಾಪಿನ ಕಡೆ ತಿರುಗುತ್ತಿದ್ದಳು. ಒಳಗೆ ಮಾತ್ರ ಚುರ್ ಎನ್ನುತ್ತಿತ್ತು. ತನ್ನನ್ನು ಸಾಕಿ ಬೆಳೆಸಿದ ಮನುಷ್ಯನನ್ನು ಊರೆಲ್ಲ ಹೊಗೆಯ ಹೆಸರಿನಿಂದ ಕರೆಯುವುದು ಅವಳಿಗೆ ಸಹಿಸಲಾಗದ ಸಂಗತಿಯಾಗಿತ್ತು. ಅವಳ ತಾಯಿಗೆ ದೂರದ ನೂಲಿನ ಗಿರಣಿಯಲ್ಲಿ ಕೆಲಸ. ರಜೆಗಷ್ಟೇ ಬಂದು ಹೋಗುತ್ತಿದ್ದಳು. ಮಗು ಬೆಳೆದದ್ದು ಮಕ್ಕಳಿಲ್ಲದ ಮಾವ ಅತ್ತೆಯರ ಮನೆಯಲ್ಲಿ, ಅವರ ನಡುವೆ ಮಲಗಿ.

ಮಾವನನ್ನು ಒಪ್ಪಿಸುವುದು ಪುಟ್ಟಿಯ ಕೈಲಾಗುವ ಕೆಲಸವಾಗಿರಲಿಲ್ಲ. “ಹೊಗೆ ಬಾರದ ಲಾರಿ ಲಾರಿಯೇನೇ? ಹೋಗು, ನಿನ್ನ ಪೆಟ್ಟಿಗೆ ಬೇರೆ ಕಡೆ ಬಿಚ್ಚು,” ಎಂದು ಅವನು ಪ್ರತಿ ಸಲವೂ ಅಟ್ಟಿಬಿಡುತ್ತಿದ್ದ. ಕೊನೆಗೆ ಕೆಲಸ ಸಾಧಿಸಿದವಳು ಅತ್ತೆ. ಒಗೆದು ಹಾಕಿದ ಬಿಳಿ ದುಪ್ಪಟಿಯ ಮೇಲೆ ಮಸಿಯ ಚುಕ್ಕೆ ಬಿದ್ದದ್ದನ್ನು ತಂದು, ಊಟಕ್ಕೆ ಕೂತಿದ್ದ ಗಂಡನ ಹೆಗಲಿಗೆ ಹೊದಿಸಿದಳು.

“ಚೆನ್ನಾಗಿದೆಯಾ? ಇವತ್ತಿಂದ ಇದನ್ನ ಹೊದ್ಕೊಂಡು ಲಾರಿಯಲ್ಲೇ ಮಲ್ಕೊಳ್ಳಿ. ಊಟಾನೂ ಅಲ್ಲಿಗೇ ಕಳಿಸ್ತೀನಿ.”

ಅತ್ತೆ ಆಡಿದ್ದನ್ನು ಮಾಡುವವಳು. ಮಾವನಿಗೆ ಅದು ಗೊತ್ತಿತ್ತು. ಅವನು ತುತ್ತು ನುಂಗಿ, ಪುಟ್ಟಿಯ ಕಡೆ ಬೆರಳು ತೋರಿಸಿದ. “ಮಾಡು. ಆದ್ರೆ ಒಂದು ಮಾತು. ಇಟ್ಟಿಗೆ ಲೋಡು ಹೊತ್ಕೊಂಡು ದೊಡ್ಡ ಏರು ಮೊದಲಿನ ಹಾಗೇ ಹತ್ಬೇಕು. ಹತ್ಲಿಲ್ಲ ಅಂದ್ರೆ ಹಳೇದನ್ನೇ ಹಾಕಿ ಕೊಡ್ಬೇಕು, ಆಮೇಲೆ ಜನ್ಮದಲ್ಲಿ ನನ್ನ ಗಾಡಿ ಮುಟ್ಬಾರ್ದು.”

“ಆಯ್ತು ಮಾವ,” ಎಂದಳು ಪುಟ್ಟಿ. ಎಷ್ಟೋ ವರ್ಷದ ಆಸೆ ತಟ್ಟೆಯಲ್ಲಿ ಬಂದು ಕೂತಂತಾಗಿ ಅವಳಿಗೆ ಆಮೇಲೆ ಊಟವೇ ಸೇರಲಿಲ್ಲ.

ರಜೆಯ ದಿನ ಬೆಳಗ್ಗೆ ಲಾರಿಯನ್ನು ತನ್ನ ಶೆಡ್ಡಿಗೆ ತರಿಸಿದಳು. ಏರ್ ಫಿಲ್ಟರ್ ಬಿಚ್ಚಿದರೆ ಅದರೊಳಗೆ ಅರ್ಧ ಇಟ್ಟಿಗೆ ಭಟ್ಟಿಯ ಧೂಳೇ ಇತ್ತು. ಅದನ್ನು ಬದಲಿಸಿದಳು. ಗಾಳಿಯ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು, ಅದನ್ನೂ ಬದಲಿಸಿದಳು. ಆಮೇಲೆ ಲ್ಯಾಪ್‌ಟಾಪ್ ತೆರೆದು ಒಳಗಿನ ಅಂಕಿ ನೋಡಿದವಳು ಹಣೆ ಚಚ್ಚಿಕೊಂಡಳು. ಯಾವನೋ ಪುಣ್ಯಾತ್ಮ ಹಿಂದೊಮ್ಮೆ ಎಲ್ಲ ಚೌಕಗಳಲ್ಲೂ ಡೀಸೆಲ್ ಸುರಿದಿದ್ದ. ಗಾಳಿ ಇದೆಯೋ ಇಲ್ಲವೋ ಎಂಬ ಪರಿವೆಯೇ ಇಲ್ಲದೆ.

ಅವಳು ಆ ಅಂಕಿಗಳನ್ನು ಇಳಿಸಿದಳು. ಇಂಜಿನ್ ಚಾಲೂ ಮಾಡಿ, ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ತನ್ನ ಬಿಳಿ ಕರ್ಚೀಫು ಹಿಡಿದಳು. ಮಬ್ಬು. ಮತ್ತಷ್ಟು ಇಳಿಸಿದಳು. ಇಷ್ಟಕ್ಕೆ ಸಾಕು ಎಂದು ಅವಳ ಅನುಭವ ಹೇಳುತ್ತಿತ್ತು. ಬೇರೆ ಯಾರ ಲಾರಿಯಾಗಿದ್ದರೂ ಅಲ್ಲಿಗೇ ನಿಲ್ಲಿಸಿ, ಕೈತೊಳೆದು, ಟೀ ಕುಡಿಯಲು ಹೋಗುತ್ತಿದ್ದಳು. ಆದರೆ ಇದು ಮಾವನ ಲಾರಿ. ಒಂದೆಳೆ ಹೊಗೆಯೂ ಬರಕೂಡದು ಎಂಬ ಹಟ ಅವಳ ಹೆಗಲೇರಿ ಕೂತಿತ್ತು. ಕರ್ಚೀಫು ಅಂಗಡಿಯಿಂದ ತಂದ ಹಾಗೇ ಬೆಳ್ಳಗೆ ಉಳಿಯುವವರೆಗೂ ಡೀಸೆಲ್ ಬಿಗಿ ಮಾಡಿದಳು, ಆಮೇಲೆ ಇರಲಿ ಎಂದು ಇನ್ನೂ ಚೂರು ಬಿಗಿ ಮಾಡಿದಳು.

ಮಾರನೆಯ ದಿನ ಇಟ್ಟಿಗೆ ತುಂಬಿಕೊಂಡು ಲಾರಿ ಹೊರಟಿತು. ಕ್ಯಾಬಿನ್ನಿನಲ್ಲಿ ಮಾವ ಸ್ಟೀರಿಂಗ್ ಹಿಡಿದಿದ್ದ, ಕಿಟಕಿಯ ಕಡೆ ಪುಟ್ಟಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದಳು, ನಡುವೆ ಅತ್ತೆ. ಅತ್ತೆ ಬರಬೇಕಾದ ಅಗತ್ಯವೇನೂ ಇರಲಿಲ್ಲ. “ನನ್ನ ದುಪ್ಪಟಿ ವಿಚಾರ, ನಾನೇ ಕಣ್ಣಾರೆ ನೋಡ್ಬೇಕು,” ಎಂದು ಹತ್ತಿದವಳು ನೀರಿನ ಬಾಟಲಿಯ ಜೊತೆ ದಿಂಬನ್ನೂ ತಂದಿದ್ದಳು.

ಸಮತಟ್ಟು ರಸ್ತೆಯಲ್ಲಿ ಎಲ್ಲವೂ ಸುಖವಾಗಿತ್ತು. ಆದರೆ ಮಾವನ ಕಣ್ಣು ರಸ್ತೆಯ ಮೇಲೆ ನಿಲ್ಲುತ್ತಿರಲಿಲ್ಲ. ಗಳಿಗೆಗೊಮ್ಮೆ ಪಕ್ಕದ ಕನ್ನಡಿ ನೋಡುತ್ತಿದ್ದ, ಏನೂ ಕಾಣದೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದ. ಏರಿನ ಬುಡ ಬಂತು. ಮಾವ ಆಕ್ಸಿಲರೇಟರ್ ಪೂರ್ತಿ ಒತ್ತಿದ. ಲಾರಿ ಉಸಿರು ಕಟ್ಟಿಕೊಂಡು ನಿಂತಂತೆ ಮಾಡಿ, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಮುಂದೆ ಸಾಗಿತು. ಮಾವ ಕನ್ನಡಿ ನೋಡಿದ, ಗೇರ್ ಇಳಿಸಿದ. ಮತ್ತೆ ನೋಡಿದ, ಮತ್ತೊಂದು ಇಳಿಸಿದ. ಹಿಂದಿದ್ದ ಬಸ್ಸು, ಕಾರುಗಳೆಲ್ಲ ಹಾರನ್ ಹೊಡೆದು ಹೊಡೆದು ದಾಟಿಹೋದವು. ಕೊನೆಗೆ ಟ್ಯಾಂಕರ್ ಒಂದು ಕೂಡ ಹಿಂದಿಕ್ಕಿ ಹೋದಾಗ ಮಾವನ ಕಿವಿ ಕೆಂಪಾದವು.

ತುದಿಯಲ್ಲಿ ರಸ್ತೆ ಬದಿಗೆ ಲಾರಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ. “ಹಳೇದು ಹಾಕು.”

“ಮಾವ, ಹತ್ತಿತಲ್ಲ!”

“ಮಂಡಿನೋವಿನ ಮುದುಕ ಮೆಟ್ಲು ಹತ್ತಿದ ಹಾಗೆ ಹತ್ತಿತು. ಮಾತು ಅಂದ್ರೆ ಮಾತು. ಹಾಕು ಹಳೇದು.”

ಪುಟ್ಟಿಗೆ ರೇಗಿತು. “ತಪ್ಪು ಗಾಡೀದಲ್ಲ, ನಿಮ್ದು! ನೀವು ಕನ್ನಡೀಲಿ ಹೊಗೆ ನೋಡ್ಕೊಂಡು ಗೇರ್ ಹಾಕ್ತೀರ. ಹೊಗೆ ಕಾಣ್ಲಿಲ್ಲ ಅಂದ್ರೆ ಎಳೀತಾ ಇಲ್ಲ ಅಂತ ನೀವೇ ತೀರ್ಮಾನ ಮಾಡ್ಕೊಂಡು ಇಳಿಸ್ತೀರ. ಆಮೇಲೆ ಅದು ತೆವಳದೆ ಇನ್ನೇನು ಮಾಡುತ್ತೆ?”

“ನಾನು ಸ್ಟೀರಿಂಗ್ ಹಿಡಿದಾಗ ನೀನು ಹುಟ್ಟೇ ಇರ್ಲಿಲ್ಲ ಕಣೇ.”

“ಸಾಕು ಮಾಡಿ ಇಬ್ರೂ,” ಎಂದಳು ಅತ್ತೆ. “ಅವಳು ಹೇಳೋದು ನಿಜ, ನೀವು ಆ ಕನ್ನಡಿ ನೋಡಿದಷ್ಟು ನನ್ನ ಮುಖ ಯಾವತ್ತೂ ನೋಡಿಲ್ಲ. ಆದ್ರೆ ಪುಟ್ಟಿ, ಇನ್ನೊಂದು ವಿಷಯ. ಮೊದಲೆಲ್ಲ ಇವ್ರು ಕಾಲು ಒತ್ತಿದ ಕೂಡ್ಲೆ ನನ್ನ ಬೆನ್ನು ಸೀಟಿಗೆ ಹೋಗಿ ಅಂಟ್ಕೊಳ್ತಿತ್ತು. ಇವತ್ತು ಅಂಟ್ಲಿಲ್ಲ. ದಿಂಬು ಅಲ್ಲಾಡ್ಲೂ ಇಲ್ಲ.”

ಮಾವನಿಗಾದರೆ ಪುಟ್ಟಿ ತಿರುಗಿ ಉತ್ತರ ಕೊಡಬಹುದಿತ್ತು, ಅತ್ತೆಯ ಬೆನ್ನಿನ ಸಾಕ್ಷಿಗೆ ಏನು ಹೇಳುವುದು? ಪುಟ್ಟಿ ಲ್ಯಾಪ್‌ಟಾಪಿನಲ್ಲಿ ಏರು ಹತ್ತಿದಾಗಿನ ಗೆರೆಗಳನ್ನು ಹಿಂದಕ್ಕೆ ಎಳೆದು ನೋಡಿದಳು. ಮಾವನ ಕಾಲು ಪೂರ್ತಿ ಕೆಳಗಿತ್ತು. ಡೀಸೆಲಿನ ಗೆರೆ ಮಾತ್ರ ನೆಲ ಬಿಟ್ಟು ಏಳದೆ ಹಾಗೇ ಮಲಗಿತ್ತು. ಗಾಳಿಯನ್ನು ಒಳಗೆ ತಳ್ಳುವ ಟರ್ಬೊ ತಿರುಗಬೇಕಾದರೆ ಇಂಜಿನ್ನಿನ ಬಿಸಿ ಉಸಿರು ಬೇಕು, ಆ ಉಸಿರಿಗೆ ಡೀಸೆಲ್ ಬೇಕು. ಗಾಳಿ ಬರುವವರೆಗೂ ಡೀಸೆಲ್ ಇಲ್ಲ ಎಂದು ಅವಳು ಕೈ ಬಿಗಿ ಹಿಡಿದಿದ್ದಳು. ಡೀಸೆಲ್ ಇಲ್ಲದೆ ಗಾಳಿ ಬರುವುದು ತಡವಾಗಿತ್ತು. ಶೆಡ್ಡಿನಲ್ಲಿ ಖಾಲಿ ಲಾರಿ ನಿಂತಲ್ಲೇ ಗುರ್ರೆಂದಾಗ ಇದು ಗೊತ್ತಾಗುವ ಹಾಗಿರಲಿಲ್ಲ. ಹೀಗಾಗುತ್ತದೆ ಎಂದು ಅವಳೇ ಎಷ್ಟು ಡ್ರೈವರುಗಳಿಗೆ ವಿವರಿಸಿದ್ದಳೋ. ಅವಳಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು.

“ತಪ್ಪು ನಂದೂ ಇದೆ ಮಾವ. ಕಾಲು ಒತ್ತಿದ ಆ ಒಂದು ಕ್ಷಣಕ್ಕೆ ಸ್ವಲ್ಪ ಡೀಸೆಲ್ ಬಿಡ್ಬೇಕಿತ್ತು. ಒಂದೆಳೆ ಹೊಗೆ ಬಂದು ಹೋಗುತ್ತೆ, ಅಷ್ಟೆ. ನಾನು ಅದನ್ನೂ ಬಿಡ್ಲಿಲ್ಲ.”

ಮಾವ ಅವಳನ್ನೇ ನೋಡಿದ. “ಬೇರೆಯವ್ರ ಗಾಡಿಗೂ ಹೀಗೇ ಮಾಡ್ತೀಯಾ?”

“ಇಲ್ಲ.”

“ಮತ್ತೆ ನಂದ್ಯಾಕೆ ಕತ್ತು ಹಿಚುಕಿದೆ?”

ಪುಟ್ಟಿ ಲ್ಯಾಪ್‌ಟಾಪ್ ಮುಚ್ಚಿದಳು. “ಬೇರೆ ಯಾರನ್ನೂ ಜನ ಹೊಗೆ ಮಾವ ಅಂತ ಕರೆಯಲ್ಲ. ನಿಮ್ಮನ್ನ ಕರೀತಾರೆ. ನನಗದು ಇಷ್ಟ ಇಲ್ಲ. ಸಂಕಟ ಆಗುತ್ತೆ.”

ಮೊದಲು ಅತ್ತೆಗೆ ನಗು ಬಂತು, ಅವಳನ್ನು ನೋಡಿ ಮಾವನಿಗೂ ಬಂತು. ಅವನು ಸ್ಟೀರಿಂಗಿಗೆ ಹಣೆ ಒರಗಿಸಿಕೊಂಡು ನಕ್ಕ.

“ಅಯ್ಯೋ ದಡ್ಡಿ, ಆ ಹೆಸರು ಇಟ್ಟೋಳೇ ನೀನಲ್ವೇನೇ!” ಎಂದಳು ಅತ್ತೆ. “ನಿಮ್ಮಮ್ಮ ಬಿಟ್ಟು ಹೋದ ಹೊಸದ್ರಲ್ಲಿ ಸಂಜೆಯಾದ್ರೆ ಗೇಟು ಹಿಡ್ಕೊಂಡು ನಿಲ್ತಿದ್ದೆ. ಜಪ್ಪಯ್ಯ ಅಂದ್ರೂ ಒಳಗೆ ಬರ್ತಿರ್ಲಿಲ್ಲ. ತಿರುವಿನಲ್ಲಿ ಹೊಗೆ ಕಂಡ್ರೆ ಸಾಕು, ‘ಹೊಗೆ ಮಾವ ಬಂದ, ಹೊಗೆ ಮಾವ ಬಂದ’ ಅಂತ ಬೀದಿಗೆಲ್ಲ ಕೇಳೋ ಹಾಗೆ ಕುಣೀತಿದ್ದೆ. ಆಮೇಲೇ ನೀನು ಬಾಯಿಗೆ ತುತ್ತು ಇಡಿಸ್ಕೊಳ್ತಿದ್ದದ್ದು. ನಿನ್ನಿಂದ ಬೀದಿಗೆ ಹೋಯ್ತು, ಬೀದಿಯಿಂದ ಸ್ಟ್ಯಾಂಡಿಗೆ ಹೋಯ್ತು.”

ಪುಟ್ಟಿಗೆ ಇದೊಂದೂ ನೆನಪಿರಲಿಲ್ಲ. ಗೇಟಿನ ಸರಳು ತಣ್ಣಗಿರುತ್ತಿದ್ದದ್ದು ಮಾತ್ರ ಎಲ್ಲೋ ಸ್ವಲ್ಪ ನೆನಪಿತ್ತು.

“ಅದು ಹಳೇ ಲಾರಿ,” ಎಂದ ಮಾವ, ಕಣ್ಣು ಒರೆಸಿಕೊಳ್ಳುತ್ತ. “ಇದನ್ನ ತಂದಾಗ ಇದರಲ್ಲಿ ಹೊಗೆ ಅನ್ನೋದೇ ಇರ್ಲಿಲ್ಲ. ಮೊದಲನೇ ದಿನ ಜಂಭದಿಂದ ಮನೆಗೆ ಬಂದ್ರೆ ಗೇಟಲ್ಲಿ ನೀನಿಲ್ಲ. ಹುಡುಕಿದ್ರೆ ತಾರಸಿ ಮೇಲೆ ನಿಂತು ಇನ್ನೂ ದಾರಿ ಕಾಯ್ತಿದ್ದೀಯ, ಮುಖ ಇಷ್ಟು ಸಣ್ಣ ಮಾಡ್ಕೊಂಡು. ಹೊಗೆ ಬರ್ಲಿಲ್ಲ, ಇನ್ನು ಮಾವಾನೂ ಬರಲ್ಲ ಅಂತ ಅತ್ತು ಅತ್ತು ಬಿಕ್ಕಳಿಕೆ ಬಂದಿತ್ತು ನಿಂಗೆ. ಮಾರನೇ ದಿನವೇ ಹೋಗಿ ಡೀಸೆಲ್ ಜಾಸ್ತಿ ಮಾಡಿಸ್ಕೊಂಡು ಬಂದೆ.”

ಪುಟ್ಟಿ ಕಿಟಕಿಯ ಕಡೆ ತಿರುಗಿದಳು. ಎಲ್ಲ ಚೌಕಗಳಲ್ಲೂ ಡೀಸೆಲ್ ಸುರಿಸಿದ ಪುಣ್ಯಾತ್ಮ ಯಾರೆಂದು ಈಗ ಗೊತ್ತಾಗಿತ್ತು. ಅವಳ ಕಣ್ಣು ತುಂಬಿ ಬಂತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಅತ್ತೆ ದಿಂಬಿನ ಮೂಲೆಯಿಂದ ಅವಳ ಕೆನ್ನೆ ಒರೆಸಿದಳು.

“ಹಳೇದನ್ನೇ ಹಾಕ್ಲಾ ಮಾವ?” ಎಂದು ಕೇಳಿದಳು ಕೊನೆಗೆ. ಈ ಸಲ ಅವಳು ಮನಸ್ಸಿನಿಂದಲೇ ಕೇಳಿದ್ದಳು.

“ಅದೇನೋ ಒಂದೆಳೆ ಬಿಡ್ಬೇಕಿತ್ತು ಅಂದ್ಯಲ್ಲ, ಅದನ್ನ ಮೊದ್ಲು ಬಿಡು. ನೋಡೋಣ.”

ಅವನು ಲಾರಿಯನ್ನು ಮತ್ತೆ ಏರಿನ ಬುಡಕ್ಕೆ ಇಳಿಸಿ, ಅಗಲವಾದ ಜಾಗದಲ್ಲಿ ತಿರುಗಿಸಿ ನಿಲ್ಲಿಸಿದ. ಪುಟ್ಟಿ ಇಂಜಿನ್ ಆರಿಸಿ, ಕೀಲಿ ಮಾತ್ರ ತಿರುಗಿಸಿಟ್ಟು, ನಾಲ್ಕಾರು ಚೌಕಗಳನ್ನು ತಿದ್ದಿ ಡಬ್ಬಿಗೆ ಕಳಿಸಿದಳು. ಅಂಕಿಗಳು ಒಳಗೆ ಹೋಗಿ ಮುಗಿಯುವವರೆಗೂ ಯಾರೂ ಏನೂ ಮುಟ್ಟುವ ಹಾಗಿರಲಿಲ್ಲ. ಸೆಕೆಗೆ ಫ್ಯಾನ್ ಹಾಕಲು ಹೋದ ಅತ್ತೆಯ ಕೈಯನ್ನು ಮಾವನೇ ಹಿಡಿದುಕೊಂಡ, ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ಮತ್ತೆ ಏರು. ಮಾವ ಕಾಲು ಒತ್ತಿದ. ದಿಂಬು ಹಿಂದಕ್ಕೆ ಜಾರಿತು, ಅತ್ತೆ “ಹಾಂ!” ಎಂದು ಸೀಟಿಗೆ ಅಂಟಿಕೊಂಡಳು. ಕನ್ನಡಿಯಲ್ಲಿ ಬೂದಿಬಣ್ಣದ ಒಂದೆಳೆ ಎದ್ದು, ಕರಗಿಹೋಯಿತು. ಅದಾದ ಮೇಲೆ ಕನ್ನಡಿಯಲ್ಲಿ ಬರೀ ರಸ್ತೆ, ಮರ. ಮಾವನ ಕೈ ಅಭ್ಯಾಸಬಲದಿಂದ ಗೇರಿನ ಮೇಲೆ ಹೋಯಿತು, ಅಲ್ಲೇ ಇತ್ತು, ಇಳಿಸಲಿಲ್ಲ. ಲಾರಿ ಒಂದೇ ದನಿಯಲ್ಲಿ ಗುನುಗುತ್ತ ಹತ್ತಿತು. ಅರ್ಧ ದಾರಿಯಲ್ಲಿ ಇನ್ನೊಂದು ಇಟ್ಟಿಗೆ ಲಾರಿಯನ್ನು ಹಿಂದಿಕ್ಕಿದಾಗ ಮಾವ ಸುಮ್ಮಸುಮ್ಮನೆ ಹಾರನ್ ಹೊಡೆದ.

ತುದಿ ಬಂದರೂ ಅವನು ನಿಲ್ಲಿಸಲಿಲ್ಲ. ಹೀಗೇ ಹೋಗಿ ಲೋಡು ಇಳಿಸಿಯೇ ನಿಲ್ಲುವವನಂತೆ ಮುಂದಿನ ಗೇರಿಗೆ ಹಾಕಿದ.

“ಮತ್ತೆ ಹಳೇದು?” ಎಂದಳು ಪುಟ್ಟಿ. “ಇನ್ಮೇಲೆ ನೀವು ಬರೋದು ದೂರದಿಂದ ಕಾಣಲ್ಲ ಮಾವ.”

“ದೂರದಿಂದ ನೋಡ್ಬೇಕಾಗಿದ್ದೋಳು ಪಕ್ಕದಲ್ಲೇ ಕೂತಿದ್ದಾಳೆ,” ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ. “ಇನ್ಯಾರಿಗೆ ಕಾಣ್ಬೇಕು?”